ಒಂದೇ ಕಂಪ್ಯೂಟರ್, ಒಬ್ಬೊಬ್ಬರಿಗೂ ಒಂದೊಂದು ಕೋಣೆ

ಎಷ್ಟೋ ಮನೆಗಳಲ್ಲಿ ಹಜಾರದ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿರುತ್ತದೆ. ಅದಕ್ಕೆ ಇಂಟರ್‌ನೆಟ್ ಇಲ್ಲ. ಅಜ್ಜ ಅದರಲ್ಲಿ ‘ನುಡಿ’ ತಂತ್ರಾಂಶ ಬಳಸಿ ತಮ್ಮ ನೆನಪುಗಳನ್ನು ಬರೆದಿಡುತ್ತಾರೆ. ಅಜ್ಜಿ ಮದುವೆ-ಮುಂಜಿಗಳ ಫೋಟೊ ನೋಡುತ್ತಾರೆ. ಮೊಮ್ಮಕ್ಕಳು ಚಿತ್ರ ಬಿಡಿಸುತ್ತಾರೆ, ಆಟ ಆಡುತ್ತಾರೆ. ‘ಇಂಟರ್‌ನೆಟ್ಟೇ ಇಲ್ಲ, ಇದಕ್ಕೇಕೆ ಬೀಗ?’ ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಾರೆ.

ಇಲ್ಲಿ ಭಯ ಹೊರಗಿನ ಕಳ್ಳನದಲ್ಲ, ಮನೆಯವರದೇ ಕೈತಪ್ಪಿನದು. ಹೊಸ ಆಟಕ್ಕೆ ಜಾಗ ಸಾಲದೆಂದು ಅಳಿಸಿದ ಫೋಲ್ಡರಿನಲ್ಲಿ ಅಜ್ಜ ಬರೆದ ನೂರು ಪುಟಗಳಿದ್ದರೆ? ಅವುಗಳ ಇನ್ನೊಂದು ಪ್ರತಿ ಬಹುಶಃ ಎಲ್ಲೂ ಇರುವುದಿಲ್ಲ.

ಪಾಸ್‌ವರ್ಡಿನ ಹಳೆಯ ಕಥೆ

ಮಕ್ಕಳೇ, ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಇಂಟರ್‌ನೆಟ್ ಹುಟ್ಟುವ ಮೊದಲೇ! 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ರೂಪಿಸಿದರು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಂತೆ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ಬಳಕೆಗೆ ಇಂತಿಷ್ಟು ಹೊತ್ತು ಎಂಬ ಮಿತಿಯೂ ಇತ್ತು.

ಅಲ್ಲಿನ ಸಂಶೋಧಕ ಅಲನ್ ಶೆರ್ ಅವರಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕು ಗಂಟೆ. ಅದು ಸಾಲದೆ 1962ರಲ್ಲಿ ಅವರು ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಉಪಾಯವಾಗಿ ಮುದ್ರಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ‘ಇನ್ನೂ ಸ್ವಲ್ಪ ಹೊತ್ತು’ ಎಂಬ ಹಟ ಇಂದಿನ ಮಕ್ಕಳದ್ದು ಮಾತ್ರವಲ್ಲ!

ಎರಡು ಬಗೆಯ ಕೀಲಿಕೈ

ವಿಂಡೋಸ್ ಕಂಪ್ಯೂಟರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಖಾತೆಗಳಿವೆ. ‘ಅಡ್ಮಿನಿಸ್ಟ್ರೇಟರ್’ ಖಾತೆ ಮನೆಯ ಯಜಮಾನನ ಕೀಲಿಗೊಂಚಲಿನಂತೆ. ಅದರಿಂದ ಯಾವ ಬಾಗಿಲನ್ನಾದರೂ ತೆರೆಯಬಹುದು. ‘ಸ್ಟ್ಯಾಂಡರ್ಡ್’ ಖಾತೆ ಒಂದು ಕೋಣೆಯ ಕೀಲಿ. ಅದರಲ್ಲಿ ಬರೆಯಬಹುದು, ಚಿತ್ರ ಬಿಡಿಸಬಹುದು, ಹಾಡು ಕೇಳಬಹುದು. ಆದರೆ ಎಲ್ಲರಿಗೂ ಸೇರಿದ ತಂತ್ರಾಂಶ ತೆಗೆಯಲು, ಗಡಿಯಾರ ತಿದ್ದಲು, ಇನ್ನೊಬ್ಬರ ಖಾತೆಯ ಕಡತ ನೋಡಲು ಹೋದರೆ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ.

ದಿನದ ಕೆಲಸಕ್ಕೆ ಮಕ್ಕಳಿಗಷ್ಟೇ ಅಲ್ಲ, ಅಜ್ಜ-ಅಜ್ಜಿಗೂ ಸ್ಟ್ಯಾಂಡರ್ಡ್ ಖಾತೆಯೇ ಒಳ್ಳೆಯದು. ಕೈತಪ್ಪು ಯಾರಿಂದಲೂ ಆಗಬಹುದಲ್ಲ!

ಹೀಗೆ ಮಾಡಿ

ವಿಂಡೋಸ್ 10ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಅಕೌಂಟ್ಸ್’ ಒತ್ತಿ. ಅಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ಜಾಗವಿದೆ. ಅದು ಇಮೇಲ್ ಕೇಳಿದರೆ, ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರ ಎಂಬ ಆಯ್ಕೆ ಹಿಡಿಯಿರಿ; ಅದಕ್ಕೆ ಇಂಟರ್‌ನೆಟ್ ಬೇಡ. ಮೊದಲು ‘ಯಜಮಾನ’ ಎಂಬ ಹೊಸ ಖಾತೆ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ಬದಲಿಸಿ. ಆಮೇಲೆ ‘ಯಜಮಾನ’ದಿಂದ ಒಳಹೋಗಿ, ಈವರೆಗೆ ಬಳಸುತ್ತಿದ್ದ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಿ. ಅದರೊಳಗಿನ ಕಡತಗಳು ಇದ್ದಲ್ಲೇ ಇರುತ್ತವೆ. ಉಳಿದವರಿಗೂ ಒಂದೊಂದು ಖಾತೆ ತೆರೆಯಿರಿ.

ಪಾಸ್‌ವರ್ಡ್ ಮರೆತರೆ ಎಂದು ಕಂಪ್ಯೂಟರ್ ಮೂರು ಪ್ರಶ್ನೆಗಳಿಗೆ ಉತ್ತರ ಕೇಳಿಕೊಳ್ಳುತ್ತದೆ: ಹುಟ್ಟಿದ ಊರು, ಮೊದಲ ಸಾಕುಪ್ರಾಣಿಯ ಹೆಸರು, ಹೀಗೆ. ಅಜ್ಜಿಯ ಕಥೆ ಕೇಳಿ ಬೆಳೆದ ಮೊಮ್ಮಕ್ಕಳಿಗೆ ಇವೆಲ್ಲ ಬಾಯಿಪಾಠ! ಹಾಗಾಗಿ ಬೇರೆಯದೇ ಉತ್ತರ ಕೊಟ್ಟು, ಪಾಸ್‌ವರ್ಡಿನ ಜೊತೆ ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ.

ಆಟಕ್ಕೂ ಒಂದು ಹೊತ್ತು

ಮೈಕ್ರೋಸಾಫ್ಟಿನ ‘ಫ್ಯಾಮಿಲಿ ಸೇಫ್ಟಿ’ಗೆ ಇಂಟರ್‌ನೆಟ್ ಬೇಕು. ಅದಿಲ್ಲದಿದ್ದರೂ ದಾರಿಯಿದೆ. ‘ಕಮಾಂಡ್ ಪ್ರಾಂಪ್ಟ್’ನ ‘ನೆಟ್ ಯೂಸರ್’ ಆದೇಶದಿಂದ, ಈ ಖಾತೆ ಸಂಜೆ 5ರಿಂದ 6ರವರೆಗೆ ಮಾತ್ರ ತೆರೆಯಲಿ ಎಂದು ನಿಗದಿ ಮಾಡಬಹುದು. ಕಂಪ್ಯೂಟರ್ ಬಲ್ಲವರಿಂದ ಮಾಡಿಸಿಕೊಳ್ಳಿ. ಆದರೆ ಮೊದಲೇ ಒಳಗಿರುವವರನ್ನು ಅದು ಆರು ಗಂಟೆಗೆ ಎಬ್ಬಿಸುವುದಿಲ್ಲ. ಆ ಕೆಲಸಕ್ಕೆ ಅಜ್ಜಿಯ ಒಂದು ಕೂಗೇ ಬೇಕು.

ಬೀಗ ಮುಟ್ಟದ ಜಾಗಗಳು

ನಮ್ಮಲ್ಲಿ ಬಹಳ ಜನ ಎಲ್ಲವನ್ನೂ ‘ಡಿ ಡ್ರೈವ್’ನಲ್ಲಿ ಇಡುತ್ತಾರೆ. ಅದು ಹಜಾರವಿದ್ದಂತೆ, ಸಾಮಾನ್ಯವಾಗಿ ಯಾವ ಖಾತೆಯವರು ಬೇಕಾದರೂ ಅಲ್ಲಿಂದ ಕಡತ ಅಳಿಸಬಹುದು. ಮುಖ್ಯವಾದವನ್ನು ನಿಮ್ಮ ಖಾತೆಯ ‘ಡಾಕ್ಯುಮೆಂಟ್ಸ್’ನಲ್ಲೇ ಇಡಿ. ಗೆಳೆಯರು ಕೊಟ್ಟ ಪೆನ್‌ಡ್ರೈವ್ ಇನ್ನೊಂದು ಹಿತ್ತಿಲ ಬಾಗಿಲು. ಸ್ಥಾಪಿಸದೆಯೇ ಓಡುವ ಆಟಗಳು ಅದರಿಂದ ಬರುತ್ತವೆ, ವೈರಸ್ಸೂ ಬರುತ್ತದೆ. ದೊಡ್ಡವರನ್ನು ಕೇಳಿಯೇ ಅದನ್ನು ಸಿಕ್ಕಿಸಿ.

ಇಷ್ಟಾದರೂ ಹಾರ್ಡ್ ಡಿಸ್ಕ್ ಕೆಟ್ಟರೆ ಯಾವ ಪಾಸ್‌ವರ್ಡೂ ಉಳಿಸದು. ಅದಕ್ಕೇ ಮಕ್ಕಳೇ, ನಿಮಗೊಂದು ಜವಾಬ್ದಾರಿ: ಅಜ್ಜನ ಬರಹಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ. ಪ್ರತಿ ಭಾನುವಾರ ಅಜ್ಜನ ಪಕ್ಕ ಕೂತು, ಆ ವಾರ ಬರೆದದ್ದನ್ನು ಅದಕ್ಕೆ ನಕಲು ಮಾಡಿಕೊಡಿ. ಹಾಗೇ ಒಂದೆರಡು ಪುಟ ಓದಿಸಿಕೊಳ್ಳುವುದನ್ನೂ ಮರೆಯಬೇಡಿ.