ಎಂಐಟಿ ಸೀಟು: ಹೊರದೇಶದವರಿಗೆ ಲೆಕ್ಕವೇ ಬೇರೆ

2024ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪದವಿ ಕೋರ್ಸಿಗೆ ಅರ್ಜಿ ಹಾಕಿದವರು 28 ಸಾವಿರಕ್ಕೂ ಹೆಚ್ಚು. ಸೀಟು ಸಿಕ್ಕವರು 1,300 ದಾಟಲಿಲ್ಲ. ಅಂದ್ರೆ ನೂರಕ್ಕೆ ನಾಲ್ಕೂವರೆ. ಆದ್ರೆ ಈ ಲೆಕ್ಕ ನಂಬ್ಕೊಂಡು ಕೂರಬೇಡಿ. ಹೊರದೇಶದವರಿಗೆ ಅದು ನೂರಕ್ಕೆ ಎರಡರ ಆಸುಪಾಸು! ಯಾಕೆ? ಒಂದು ಬ್ಯಾಚಿನಲ್ಲಿ ಹೊರದೇಶದವರಿಗೆ ಜಾಗ ಇರೋದೇ ಸುಮಾರು 10 ಪರ್ಸೆಂಟ್. ಭಾರತ, ಚೀನಾ, ನೈಜೀರಿಯಾ, ಎಲ್ಲರೂ ಅಷ್ಟರಲ್ಲೇ ಹಂಚ್ಕೋಬೇಕು.

ನಮ್ಮ ಸಿಇಟಿ ಥರ ರ‍್ಯಾಂಕ್ ಪಟ್ಟಿ ಅಲ್ಲಿಲ್ಲ. ಮಾರ್ಕ್ಸು, ಎಸ್‌ಎಟಿ ಪರೀಕ್ಷೆಯ ಅಂಕ ಬಾಗಿಲವರೆಗೆ ಕರ್ಕೊಂಡು ಹೋಗುತ್ತೆ, ಅಷ್ಟೇ. ಆಮೇಲೆ ನೋಡೋದು ನಿಮ್ಮ ಬರಹ, ಮೇಷ್ಟ್ರ ಶಿಫಾರಸು ಪತ್ರ, ಪಾಠದಾಚೆ ನೀವು ನಿಜಕ್ಕೂ ಏನು ಮಾಡಿದ್ದೀರಿ ಅನ್ನೋದು.

ಈಗ ದುಡ್ಡಿನ ವಿಷಯ. ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತೆ: ಹಣಕಾಸಿನ ನೆರವು ಬೇಕಾ? ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನಲ್ಲಿ 'ಹೌದು' ಅಂದ್ರೂ ಆಯ್ಕೆಗೆ ತೊಂದರೆ ಇಲ್ಲ. ಸ್ಟ್ಯಾನ್‌ಫೋರ್ಡ್‌ನಲ್ಲಿ ಹೊರದೇಶದವರ ಆ ಉತ್ತರವನ್ನೂ ಅಳೆದು ತೂಗ್ತಾರೆ. ಹಾಗಂತ ಜಾಣತನ ಮಾಡಿ 'ಬೇಡ' ಅಂತ ಟಿಕ್ ಹಾಕಿದ್ರೋ, ಸೀಟು ಸಿಕ್ಕ ಮೇಲೆ ನಾಲ್ಕು ವರ್ಷವೂ ಅಲ್ಲಿ ನೆರವು ಕೇಳೋ ಹಾಗಿಲ್ಲ!

ಅದಕ್ಕೇ, ಫಾರಂ ತೆರೆಯೋ ಮೊದಲು ಆಯಾ ಕಾಲೇಜಿನ ನಿಯಮ ಓದಿ. ಅಪ್ಪ-ಅಮ್ಮನ ಜೊತೆ ಕೂತು ದುಡ್ಡಿನ ಮಾತು ಮುಗಿಸಿ.