ಬಿಸಿಮಾಡದ ಮೈಕ್ರೋವೇವ್ ಒಲೆ

ಯಂತ್ರವೊಂದು ಪೂರ್ತಿಯಾಗಿ ನಿಂತುಹೋದರೆ ಅದರ ದೋಷವನ್ನು ಹುಡುಕುವುದು ಎಷ್ಟೋ ವೇಳೆ ಸುಲಭ. ಆದರೆ ಎಲ್ಲವೂ ಸರಿಯಾಗಿ ನಡೆಯುತ್ತಿರುವಂತೆ ಕಂಡು, ಆಗಬೇಕಾದ ಮುಖ್ಯ ಕಾರ್ಯವೊಂದೇ ಆಗದಿದ್ದರೆ, ಆಗ ಕೈಗಿಂತ ಮೊದಲು ಬುದ್ಧಿಯನ್ನು ಓಡಿಸಬೇಕಾಗುವುದು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯ ಮೈಕ್ರೋವೇವ್ ಒಲೆಗೆ ಇಂಥದೇ ಗತಿ ಬಂದಿತು. ಗುಂಡಿಯನ್ನು ಒತ್ತಿದರೆ ದೀಪ ಹತ್ತುವುದು, ಗಾಜಿನ ತಟ್ಟೆ ತಿರುಗುವುದು, ಬೀಸಣಿಗೆ ಸದ್ದುಮಾಡುವುದು, ಕಾಲ ಮುಗಿದೊಡನೆ ಗಂಟೆಯೂ ಬಾರಿಸುವುದು. ಒಳಗಿಟ್ಟ ನೀರು ಮಾತ್ರ ಇಟ್ಟಷ್ಟೇ ತಣ್ಣಗಿರುವುದು! ಅದರ ದೋಷವನ್ನು ಅರಸುವಾಗ ನಾವು ಕಲಿತ ಪಾಠವೊಂದನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಒಲೆಯ ಹೃದಯವು ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ನಳಿಕೆ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ಇದಕ್ಕೆ ಸಮರ್ಥವಾದ ರೂಪವನ್ನು ಕೊಟ್ಟರು. ಆಗ ಅದು ಬೇಕಾಗಿದ್ದುದು ಅಡುಗೆಗಲ್ಲ, ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗೆ. ಯುದ್ಧ ಮುಗಿಯುವ ವೇಳೆಗೆ, 1945ರಲ್ಲಿ, ಅಮೆರಿಕದ ರೇಥಿಯಾನ್ ಸಂಸ್ಥೆಯ ಪರ್ಸಿ ಸ್ಪೆನ್ಸರನು ಇಂಥ ನಳಿಕೆಯ ಬಳಿ ನಿಂತಿದ್ದಾಗ ಅವನ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿಹೋಯಿತೆಂದು ಹೇಳುವರು. ಎರಡು ವರ್ಷಗಳಲ್ಲಿ ಆ ಸಂಸ್ಥೆಯು ಒಲೆಯನ್ನೇ ಮಾರಾಟಕ್ಕೆ ತಂದಿತು. ಅದು ಆಳೆತ್ತರದ, ಮುನ್ನೂರು ಕಿಲೋಗ್ರಾಮಿಗೂ ಮೀರಿದ ತೂಕದ ಬೀರುವಿನಂತಿತ್ತು.

ಮ್ಯಾಗ್ನೆಟ್ರಾನಿನ ನಡುವೆ ಥೋರಿಯಂ ಬೆರೆತ ಟಂಗ್‌ಸ್ಟನ್ ತಂತಿಯ ಸುರುಳಿಯಿದೆ. ಸುಮಾರು 3 ವೋಲ್ಟಿನ ಪ್ರವಾಹದಿಂದ ಇದು ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುವುದು. ಸುತ್ತಲೂ ತಾಮ್ರದ ಧನಾಗ್ರವಿದ್ದು, ಅದರಲ್ಲಿ ಹಲವು ಕುಹರಗಳನ್ನು ರಚಿಸಿರುವರು. ಕಾಂತಗಳ ಪ್ರಭಾವದಿಂದ ಎಲೆಕ್ಟ್ರಾನುಗಳು ನೇರವಾಗಿ ಧನಾಗ್ರವನ್ನು ಸೇರಲಾರದೆ ಬಳಸಿಕೊಂಡು ಸುತ್ತುವುವು. ಬರಿಯ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಅದು ಹೇಗೆ ತನ್ನದೇ ಸ್ವರದಲ್ಲಿ ನಾದಗೈಯುವುದೋ ಹಾಗೆಯೇ ಈ ಕುಹರಗಳು ತಮ್ಮ ಸಹಜ ಆವರ್ತಾಂಕದಲ್ಲಿ ಅನುರಣಿಸುವುವು. ಆ ಆವರ್ತಾಂಕ ಸೆಕೆಂಡಿಗೆ ಸುಮಾರು 245 ಕೋಟಿ; ಹೊರಡುವ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಆಹಾರದಲ್ಲಿರುವ ನೀರಿನ ಅಣುಗಳು ಈ ಅಲೆಗಳ ಶಕ್ತಿಯನ್ನು ಹೀರಿ ಬಿಸಿಯಾಗುವುವು.

ಇಷ್ಟು ನಡೆಯಲು ಸುಮಾರು 4000 ವೋಲ್ಟು ಬೇಕು. ಗೋಡೆಯಿಂದ ಬರುವುದು 230 ವೋಲ್ಟು ಮಾತ್ರ. ಪರಿವರ್ತಕವೊಂದು ಇದನ್ನು 2000 ವೋಲ್ಟಿನವರೆಗೆ ಏರಿಸುವುದು. ಪರ್ಯಾಯ ಪ್ರವಾಹದ ಒಂದು ಅರ್ಧಾವರ್ತದಲ್ಲಿ ಡಯೋಡಿನ ಮೂಲಕ ಕೆಪಾಸಿಟರು ತುಂಬಿಕೊಳ್ಳುವುದು. ಮುಂದಿನ ಅರ್ಧಾವರ್ತದಲ್ಲಿ ಪರಿವರ್ತಕದ ವೋಲ್ಟೇಜೂ ಕೆಪಾಸಿಟರಿನ ವೋಲ್ಟೇಜೂ ಒಂದುಗೂಡಿ ಮ್ಯಾಗ್ನೆಟ್ರಾನಿಗೆ ದೊರೆಯುವುವು. ಈಚಿನ ಕೆಲವು ಒಲೆಗಳಲ್ಲಿ ಪರಿವರ್ತಕದ ಬದಲು ಇನ್ವರ್ಟರ್ ಮಂಡಲವಿರುವುದುಂಟು. ನಮ್ಮದು ಹಳೆಯ ಬಗೆಯದು. ದೀಪ, ತಟ್ಟೆ, ಬೀಸಣಿಗೆಗಳು 230 ವೋಲ್ಟಿನಲ್ಲೇ ನಡೆಯುವುದರಿಂದ, ನಮ್ಮ ಒಲೆಯ ದೋಷವು ಹೆಚ್ಚಿನ ವೋಲ್ಟೇಜಿನ ಭಾಗದಲ್ಲಿಯೇ ಇರಬೇಕೆಂದು ಊಹಿಸಿದೆವು.

ಪ್ಲಗ್ಗನ್ನು ತೆಗೆದು, ಹೊರಕವಚವನ್ನು ಬಿಚ್ಚಿದ್ದಾಯಿತು. ಪಕ್ಕದಲ್ಲಿ ಕುತೂಹಲದಿಂದ ನಿಂತಿದ್ದ ವಿದ್ಯಾರ್ಥಿಯೊಬ್ಬನು "ಇದೇನು ಸರ್?" ಎನ್ನುತ್ತ ಕೆಪಾಸಿಟರಿನ ಕಡೆಗೆ ಬೆರಳು ಚಾಚಿದನು. ನಮ್ಮ ಪ್ರಯೋಗಶಾಲೆಯ ಹಿರಿಯ ಮೆಕ್ಯಾನಿಕರು ಥಟ್ಟನೆ ಅವನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆಳೆದರು. ಬಳಿಕ ಉದ್ದವಾದ ನಿರೋಧಕ ಹಿಡಿಯ ಉಪಕರಣದಿಂದ ಕೆಪಾಸಿಟರಿನ ಎರಡು ತುದಿಗಳನ್ನು ಕೂಡಿಸಿದರು. ಕೊಠಡಿಯೆಲ್ಲ ಕೇಳುವಂತೆ ಚಟ್ಟೆಂದು ನೀಲಿ ಕಿಡಿ ಹಾರಿತು. ಪ್ಲಗ್ಗನ್ನು ತೆಗೆದು ಆಗಲೇ ಕಾಲು ಗಂಟೆ ಕಳೆದಿತ್ತು!

ಇದು ಹೇಗಾಯಿತು? ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಸೋರಿಹೋಗಲೆಂದು ಅದರೊಳಗೆ ಒಂದು ದೊಡ್ಡ ರೋಧವನ್ನು ಅಳವಡಿಸಿರುವರು. ಅದು ಸರಿಯಾಗಿದ್ದರೆ ಒಂದೆರಡು ನಿಮಿಷಗಳಲ್ಲಿ ಕೆಪಾಸಿಟರು ಬರಿದಾಗಬೇಕು. ನಮ್ಮ ಒಲೆಯಲ್ಲಿ ಆ ರೋಧವೂ ಕಡಿದುಹೋಗಿತ್ತು. ಲೆಕ್ಕ ಹಾಕಿ ನೋಡೋಣ. 2000 ವೋಲ್ಟಿನ ಶಿಖರಮೌಲ್ಯ ಸುಮಾರು 2800. ಕೆಪಾಸಿಟರು 1 ಮೈಕ್ರೋಫ್ಯಾರಡ್. ಆದ್ದರಿಂದ ಕೂಡಿಟ್ಟ ಶಕ್ತಿ ಸುಮಾರು 4 ಜೂಲು. ಒಂದು ಕಿಲೋಗ್ರಾಮಿನ ಕಲ್ಲು 40 ಸೆಂಟಿಮೀಟರು ಎತ್ತರದಿಂದ ಬಿದ್ದಷ್ಟೇ. ಆದರೆ ಶರೀರದ ರೋಧವು 1000 ಓಮ್ ಎಂದಿಟ್ಟುಕೊಂಡರೆ, ಆ ಶಕ್ತಿಯು ಒಂದೆರಡು ಮಿಲಿಸೆಕೆಂಡುಗಳಲ್ಲಿಯೇ ಹರಿದುಬಿಡುವುದು; ಮೊದಲ ಕ್ಷಣದ ಪ್ರವಾಹ ಸುಮಾರು 2.8 ಆಂಪಿಯರು. ಅದು ಹೃದಯದ ಮೂಲಕ ಹಾದರೆ ಪ್ರಾಣವೇ ಹೋಗಬಹುದು. ಒಲೆಯು ನಡೆಯುತ್ತಿರುವಾಗಲಂತೂ ಪರಿವರ್ತಕವು ಪ್ರವಾಹವನ್ನು ಬಿಡದೆ ಪೂರೈಸುತ್ತಲೇ ಇರುವುದರಿಂದ ಅಪಾಯವು ಇನ್ನೂ ಘೋರವಾದುದು.

ಆ ಕಿಡಿಯು ನಮ್ಮನ್ನು ಬೆಚ್ಚಿಸಿದುದಲ್ಲದೆ ಒಂದು ಸುಳಿವನ್ನೂ ಕೊಟ್ಟಿತು. ಕೆಪಾಸಿಟರು ತುಂಬಿತ್ತೆಂದರೆ ಪರಿವರ್ತಕವೂ ಡಯೋಡೂ ತಮ್ಮ ಕೆಲಸವನ್ನು ಮಾಡಿದ್ದುವು. ಸಂಗ್ರಹವಾದ ವಿದ್ಯುತ್ತನ್ನು ಬಳಸಬೇಕಾದ ಮ್ಯಾಗ್ನೆಟ್ರಾನೇ ಸುಮ್ಮನಿತ್ತು. ಆದರೂ ಊಹೆಯನ್ನು ಅಳತೆಯಿಂದ ಪರೀಕ್ಷಿಸಬೇಕಷ್ಟೆ. ತಂತಿಗಳನ್ನು ಬಿಡಿಸಿ ಮೊದಲು ಡಯೋಡನ್ನು ನೋಡಿದೆವು. ಇದರಲ್ಲಿ ಹಲವು ಸಂಧಿಗಳು ಸಾಲಾಗಿರುವುದರಿಂದ ಸಾಮಾನ್ಯ ಮಲ್ಟಿಮೀಟರಿನ ಅಲ್ಪ ವೋಲ್ಟೇಜು ಅದರೊಳಗೆ ಪ್ರವಾಹವನ್ನು ಹರಿಸಲಾರದು. ಒಳ್ಳೆಯ ಡಯೋಡು ಕೂಡ ಕೆಟ್ಟುದರಂತೆ ತೋರುವುದು. ಆದಕಾರಣ 9 ವೋಲ್ಟಿನ ಬ್ಯಾಟರಿಯನ್ನೂ ಒಂದು ರೋಧವನ್ನೂ ಸಾಲಾಗಿ ಜೋಡಿಸಿದೆವು. ಒಂದು ದಿಕ್ಕಿನಲ್ಲಿ ಪ್ರವಾಹ ಹರಿಯಿತು, ತಿರುಗಿಸಿದರೆ ನಿಂತಿತು: ಡಯೋಡು ನಿರ್ದೋಷಿ. ಅನಂತರ ಮ್ಯಾಗ್ನೆಟ್ರಾನಿನ ಎರಡು ಅಗ್ರಗಳ ನಡುವಣ ರೋಧವನ್ನು ಅಳೆದೆವು. ತಂತಿಯು ಸರಿಯಾಗಿದ್ದರೆ ಅದು ಒಂದು ಓಮಿಗಿಂತ ಕಡಿಮೆಯಿರಬೇಕು. ಮೀಟರು ಅನಂತವನ್ನು ತೋರಿಸಿತು. ಒಳಗಿನ ತಂತಿ ಕಡಿದುಹೋಗಿತ್ತು. ಎಲೆಕ್ಟ್ರಾನುಗಳು ಹೊರಡುವ ಮೂಲವೇ ಆರಿಹೋಗಿತ್ತು.

ಅದೇ ಮಾದರಿಯ ಹೊಸ ಮ್ಯಾಗ್ನೆಟ್ರಾನನ್ನೂ ಹೊಸ ಕೆಪಾಸಿಟರನ್ನೂ ತರಿಸಿ ಮೆಕ್ಯಾನಿಕರು ಜೋಡಿಸಿದರು. ಮೊಳೆಗಳ ಸ್ಥಾನ, ಗಾಳಿ ಹಾಯುವ ರೆಕ್ಕೆಗಳ ದಿಕ್ಕು ಹಿಂದಿನಂತೆಯೇ ಇರಬೇಕು. ಅಲೆಗಳು ಸೋರದಂತೆ ತಡೆಯುವ ಲೋಹದ ಜಾಲರಿಯ ಉಂಗುರವು ಸರಿಯಾಗಿ ಕೂಡಬೇಕು. ಹಳೆಯ ನಳಿಕೆಯನ್ನು ಒಡೆದು ನೋಡಬೇಕೆಂಬ ಆಸೆ ಹುಡುಗರಿಗಿತ್ತು, ನಾವು ಒಪ್ಪಲಿಲ್ಲ. ಕೆಲವು ಮ್ಯಾಗ್ನೆಟ್ರಾನುಗಳ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುವುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕವಚವನ್ನು ಮುಚ್ಚಿದ ಮೇಲೆ ಸೋರಿಕೆಮಾಪಕದಿಂದ ಬಾಗಿಲಿನ ಸುತ್ತಲೂ ಪರೀಕ್ಷಿಸಿದೆವು. 5 ಸೆಂಟಿಮೀಟರು ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟನ್ನು ಅದು ಮೀರಕೂಡದು.

ಕೊನೆಗೆ ಒಂದು ಲೀಟರು ನೀರನ್ನಿಟ್ಟು ಎರಡು ನಿಮಿಷ ಒಲೆಯನ್ನು ನಡೆಸಿದೆವು. ನೀರಿನ ಉಷ್ಣತೆ 19 ಡಿಗ್ರಿ ಏರಿತು. ಒಂದು ಕಿಲೋಗ್ರಾಂ ನೀರಿಗೆ ಡಿಗ್ರಿಯೊಂದಕ್ಕೆ 4200 ಜೂಲು ಬೇಕಾಗುವುದರಿಂದ, 120 ಸೆಕೆಂಡುಗಳಲ್ಲಿ ದೊರೆತ ಸಾಮರ್ಥ್ಯ ಸುಮಾರು 665 ವಾಟು. ಒಲೆಯ ಮೇಲೆ ಬರೆದಿದ್ದುದು 700. ಪಾತ್ರೆಯೂ ಸ್ವಲ್ಪ ಶಾಖವನ್ನು ಕುಡಿದಿತ್ತೆಂಬುದನ್ನು ನೆನೆದರೆ ಈ ಲೆಕ್ಕವು ತೃಪ್ತಿಕರವೇ ಸರಿ.

ಈ ನೀರಿನ ಪ್ರಯೋಗವನ್ನು ವಿದ್ಯಾರ್ಥಿಗಳೆಲ್ಲರೂ ಮನೆಯಲ್ಲಿ ಮಾಡಿ ನೋಡಬಹುದು. ಅದಕ್ಕೆ ಕವಚವನ್ನು ಬಿಚ್ಚಬೇಕಾಗಿಲ್ಲ. ಕವಚದೊಳಗಿನ ಕೆಲಸವನ್ನು ಮಾತ್ರ ನುರಿತವರಿಗೇ ಬಿಡಬೇಕು. ಅಂದು ಕೈ ಚಾಚಿದ ಹುಡುಗನು ಅರ್ಧ ಸಿ.ವಿ. ವರ್ಗ ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದನು. ಆ ಸೂತ್ರವು ತನ್ನ ಬೆರಳಿನ ತುದಿಯಿಂದ ಒಂದಂಗುಲ ದೂರದಲ್ಲಿ ಕಾದು ಕುಳಿತಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಅದನ್ನು ಮೊದಲೇ ಹೇಳಿಕೊಡಬೇಕಾಗಿದ್ದವರು ನಾವು.