ದೆಹಲಿಯಲ್ಲಿ ಅರ್ಧ ದಿನ

ಬದರಿಯಾತ್ರೆಗೆ ಹೊರಟ ಊರಿನ ಹಿರಿಯರು ರೈಲು ಬದಲಿಸಲು ದೆಹಲಿಯಲ್ಲಿಳಿದರೆ, ಐದಾರು ಗಂಟೆಗಳಲ್ಲಿ ಎಲ್ಲವನ್ನೂ ತೋರಿಸಿಬಿಡುವ ಆತುರ ಆತಿಥೇಯರಿಗೇ ಹೆಚ್ಚು. ಕುತುಬ್ ಎಲ್ಲಿಗೂ ಓಡಿಹೋಗದು. ಚಾಂದನಿ ಚೌಕ ಒಂದೇ ಸಾಕು. ಕೆಂಪುಕೋಟೆಯೆದುರು ದಿಗಂಬರ ಜೈನರ ಲಾಲ್ ಮಂದಿರ. ಶ್ರವಣಬೆಳಗೊಳವನ್ನು ಕಂಡವರಿಗೆ ಅದು ಪರಕೀಯವೆನಿಸದು. ಅದರ ಆವರಣದಲ್ಲಿ ಹಕ್ಕಿಗಳಿಗೂ ಒಂದು ಧರ್ಮಾಸ್ಪತ್ರೆಯುಂಟು! ಪಕ್ಕದಲ್ಲಿ ಗೌರೀಶಂಕರ ದೇವಾಲಯ, ಮುಂದೆ 1675ರಲ್ಲಿ ಗುರು ತೇಗ್ ಬಹಾದುರರು ಬಲಿದಾನಗೈದ ತಾಣದಲ್ಲಿ ಸೀಸ್‌ಗಂಜ್ ಗುರುದ್ವಾರ, ಬೀದಿಯ ತುದಿಗೆ 1650ರ ಫತೇಪುರಿ ಮಸೀದಿ.

ಮೇ-ಜೂನ್ ತಿಂಗಳಾದರೆ ಬೆಳಗಿನ ಹತ್ತರೊಳಗೆ ಮುಗಿಸುವುದು ಕ್ಷೇಮ. ಇಲ್ಲಿಯ ಒಣಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ, ದೇಹ ನೀರು ಕಳೆದುಕೊಳ್ಳುತ್ತಿರುವುದು ಕರಾವಳಿಯವರಿಗೆ ತಿಳಿಯದು. ವೃದ್ಧರಿಗಂತೂ ಬಾಯಾರಿಕೆಯೇ ಕಡಿಮೆ. ಕೇಳುವ ಮೊದಲೇ ನೀರು ಕೊಡಬೇಕು. ಮೈ ಸುಡುತ್ತ ಮಾತು ತಡವರಿಸಿದರೆ ಅದನ್ನು ಪ್ರಯಾಣದ ಆಯಾಸವೆಂದು ಬಗೆಯದೆ, ನೆರಳಿಗೊಯ್ದು ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಹಳೆಯ ದೆಹಲಿಯ ರೈಲುನಿಲ್ದಾಣ ಮಸೀದಿಯಿಂದ ದೂರವಿಲ್ಲ. ಆದರೂ ಮೊಣಕಾಲು ನೋವಿನವರಿಗೆ ರಿಕ್ಷಾವೇ ಲೇಸು.